ಇವಿಗೆ ಸ್ಟಾರ್ಟ್ ಬಟನ್ ಬೇಕಾ?

ಪೆಟ್ರೋಲ್ ಎಂಜಿನ್ ನಿಂತಲ್ಲಿಂದ ತಾನಾಗೇ ತಿರುಗಲ್ಲ. ಸ್ಟಾರ್ಟರ್ ಮೋಟಾರ್ ಅದನ್ನು ಮೊದಲು ತಿರುಗಿಸಿಕೊಡಬೇಕು. ಸ್ಟಾರ್ಟ್ ಬಟನ್ ಇರೋದು ಅದಕ್ಕೆ. ಎಲೆಕ್ಟ್ರಿಕ್ ಮೋಟಾರ್ ಸೊನ್ನೆ ಆರ್‌ಪಿಎಂನಲ್ಲೇ ಟಾರ್ಕ್ ಕೊಡುತ್ತದೆ. ಹಾಗಾಗಿ ಇವಿಯಲ್ಲಿ ಬಟನ್ ಒತ್ತಿದರೆ ಏನೂ ತಿರುಗಲ್ಲ, 'ಹೊರಡಲು ರೆಡಿ' ಅಂತ ಕಂಟ್ರೋಲರ್‌ಗೆ ಗೊತ್ತಾಗುತ್ತೆ, ಅಷ್ಟೇ. ಟೆಸ್ಲಾ ಮಾಡೆಲ್ 3ರಲ್ಲಿ ಆ ಬಟನ್ನೇ ಇಲ್ಲ. ಜೇಬಲ್ಲಿ ಫೋನ್ ಇದ್ದರೆ, ಬ್ರೇಕ್ ತುಳಿದು ಡ್ರೈವ್‌ಗೆ ಹಾಕಿದರೆ ಸಾಕು.

ಸ್ಕೂಟರ್ ಕಥೆ ಬೇರೆ. ಆಕ್ಸಿಲರೇಟರ್ ಕೈಯಲ್ಲೇ ಇರುತ್ತೆ, ಮೋಟಾರ್ ಸದ್ದು ಮಾಡಲ್ಲ. ಗಾಡಿ ತಳ್ಳುವಾಗ ಸುಮ್ಮನೆ ಕೈ ತಿರುಗಿದರೂ ಅದು ಮುಂದೆ ನುಗ್ಗಬಹುದು. ಬ್ರೇಕ್ ಹಿಡಿದು ಬಟನ್ ಒತ್ತುವ ಕ್ರಮ ಅಲ್ಲಿ ಬೇಕೇ ಬೇಕು.

ಇನ್ನು ಉಳಿದ ಬಟನ್‌ಗಳು? 2022ರಲ್ಲಿ ಸ್ವೀಡನ್‌ನ ಕಾರು ಪತ್ರಿಕೆಯೊಂದು ಗಂಟೆಗೆ 110 ಕಿ.ಮೀ. ವೇಗದಲ್ಲಿ ಪರೀಕ್ಷೆ ಮಾಡಿತು. ರೇಡಿಯೋ ಬದಲಿಸುವಂಥ ಕೆಲವು ಕೆಲಸಗಳಿಗೆ, ಬಟನ್‌ಗಳಿದ್ದ 2005ರ ವೋಲ್ವೋದಲ್ಲಿ 10 ಸೆಕೆಂಡ್ ಸಾಕಾಯಿತು. ಟಚ್‌ಸ್ಕ್ರೀನ್ ಇದ್ದ ಎಂಜಿ ಇವಿಯಲ್ಲಿ ಸುಮಾರು 45 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕಾರು 1.3 ಕಿ.ಮೀ.ಗಿಂತ ಹೆಚ್ಚು ಓಡಿತ್ತು!

ಡಿಸೈನ್ ಮಾಡುವವರಿಗೆ ಇಷ್ಟು ನೆನಪಿದ್ದರೆ ಸಾಕು: ನಿಂತಾಗ ಮಾಡುವ ಕೆಲಸ ಸ್ಕ್ರೀನ್‌ಗೆ ಹೋಗಲಿ. ಓಡುವಾಗ ಬೇಕಾಗುವ ವೈಪರ್, ಇಂಡಿಕೇಟರ್, ಹಾರ್ನ್ ಮಾತ್ರ ಕಣ್ಣು ರಸ್ತೆ ಮೇಲಿದ್ದಾಗಲೂ ಬೆರಳಿಗೆ ಸಿಗಬೇಕು.