ಸಿಂಪೈ ಯಾಕೆ ಸಿಂಪ್ಲಿಫೈ ಮಾಡಲ್ಲ?

ಮ್ಯಾಥ್ಸ್ ಅಸೈನ್‌ಮೆಂಟ್ ಮಾಡುವಾಗ ನಾವು ಪೈಥಾನ್‌ನ ಸಿಂಪೈ ಲೈಬ್ರರಿಗೆ √(ಎಕ್ಸ್²) ಕೊಟ್ಟು, ಸಿಂಪ್ಲಿಫೈ ಮಾಡು ಅಂದೆವು. ಬಂದ ಉತ್ತರ ಅದೇ √(ಎಕ್ಸ್²). "ಇದು ಎಕ್ಸ್ ಅಂತ ಹೈಸ್ಕೂಲ್ ಮಕ್ಕಳಿಗೂ ಗೊತ್ತು, ಇದಕ್ಕೆ ಗೊತ್ತಿಲ್ವಾ!" ಅಂತ ನಕ್ಕೆವು. ಆಮೇಲೆ ನೋಡಿದರೆ ತಪ್ಪು ನಮ್ಮದೇ.

ಎಕ್ಸ್ ಜಾಗದಲ್ಲಿ −3 ಹಾಕಿ ನೋಡಿ. ವರ್ಗ 9, ಅದರ ವರ್ಗಮೂಲ 3. ಹಾಕಿದ್ದು −3, ಬಂದದ್ದು 3. ಎಕ್ಸ್ ರಿಯಲ್ ಸಂಖ್ಯೆ ಆಗಿದ್ದರೆ ಉತ್ತರ |ಎಕ್ಸ್| ಅನ್ನಬಹುದು. ಕಾಂಪ್ಲೆಕ್ಸ್ ಆದರೆ ಅದೂ ನಡೆಯಲ್ಲ. ಎಕ್ಸ್ = ಐ ಆದಾಗ ವರ್ಗ −1, ವರ್ಗಮೂಲ ಐ; ಆದರೆ |ಐ| = 1. ನಾವು ಏನೂ ಹೇಳದಿದ್ದರೆ ಸಿಂಪೈ ಎಕ್ಸ್ ಅನ್ನು ಕಾಂಪ್ಲೆಕ್ಸ್ ಅಂತಲೇ ತಿಳಿಯುತ್ತದೆ. ಅದಕ್ಕೇ ಅದು ಏನನ್ನೂ ಮುಟ್ಟಲಿಲ್ಲ.

ಲಾಗ್ ಕಥೆಯೂ ಇದೇ. ಲಾಗ್(ಎಕ್ಸ್ × ವೈ) = ಲಾಗ್ ಎಕ್ಸ್ + ಲಾಗ್ ವೈ ಅಂತ ಬಾಯಿಪಾಠ ಮಾಡಿದ್ದೇವೆ. ಎರಡಕ್ಕೂ −1 ಹಾಕೋಣ. ಎಡಗಡೆ ಲಾಗ್ 1, ಅಂದರೆ 0. ಬಲಗಡೆ ಒಂದೊಂದು ಲಾಗ್(−1) ಕೂಡ ಪೈ × ಐ, ಒಟ್ಟು 2 × ಪೈ × ಐ. ಎರಡೂ ಒಂದೇ ಅಲ್ಲ!

ಯಾಕೆ ಹೀಗೆ? ಕಾಂಪ್ಲೆಕ್ಸ್ ಸಂಖ್ಯೆಗೆ ಒಂದು ಕೋನ ಇರುತ್ತದೆ. 360 ಡಿಗ್ರಿ ಸುತ್ತಿ ಬಂದರೂ ಸಂಖ್ಯೆ ಅದೇ, ಆದ್ದರಿಂದ ಒಂದು ಸಂಖ್ಯೆಗೆ ಲೆಕ್ಕವಿಲ್ಲದಷ್ಟು ಲಾಗ್‌ಗಳು. ಸಾಫ್ಟ್‌ವೇರ್ ಒಂದೇ ಉತ್ತರ ಕೊಡಬೇಕಲ್ಲ? ಹಾಗಾಗಿ −180 ಡಿಗ್ರಿಗಿಂತ ಹೆಚ್ಚು, 180 ಡಿಗ್ರಿವರೆಗಿನ ಕೋನವನ್ನಷ್ಟೇ ತೆಗೆದುಕೊಳ್ಳುತ್ತದೆ. ಇದೇ ಪ್ರಿನ್ಸಿಪಲ್ ವ್ಯಾಲ್ಯೂ. −1ರ ಕೋನ 180. ಎರಡು ಸಲ ಕೂಡಿದರೆ 360, ಗಡಿ ದಾಟಿತು. ಗೋಡೆ ಗಡಿಯಾರದಲ್ಲಿ 7 ಗಂಟೆಯಿಂದ ಇನ್ನೂ 7 ಗಂಟೆ ಕಳೆದರೆ ಮುಳ್ಳು 14 ತೋರಿಸಲ್ಲ, 2 ತೋರಿಸುತ್ತೆ. ಇಲ್ಲೂ ಅಷ್ಟೇ.

ಹಾಗಾದರೆ ನಾವು ಮಾಡಬೇಕಾದ್ದೇನು? ಸಿಂಬಲ್ ಡಿಕ್ಲೇರ್ ಮಾಡುವಾಗಲೇ ಅದು ಎಂಥ ಸಂಖ್ಯೆ ಅಂತ ಹೇಳಬೇಕು. ಪಾಸಿಟಿವ್ ಅಂದರೆ √(ಎಕ್ಸ್²) ತಾನಾಗೇ ಎಕ್ಸ್ ಆಗುತ್ತೆ. ರಿಯಲ್ ಅಂದರೆ |ಎಕ್ಸ್| ಬರುತ್ತೆ. ಲಾಗ್ ಬಿಡಿಸಲು ಫೋರ್ಸ್ ಅನ್ನೋ ಆಪ್ಷನ್ ಕೂಡ ಇದೆ. ಅದನ್ನು ಹಾಕಿದರೆ ಎಕ್ಸ್, ವೈ ಪಾಸಿಟಿವ್ ಹೌದೋ ಅಲ್ಲವೋ ಅಂತ ನೋಡದೇ ಬಿಡಿಸಿಬಿಡುತ್ತೆ. ನಾವೂ ಆತುರಕ್ಕೆ ಅದನ್ನೇ ಹಾಕಿ, ಆಮೇಲೆ −1 ಕೊಟ್ಟಾಗ ಮೇಲಿನ ತಪ್ಪಿಗೇ ಬಂದು ನಿಂತೆವು. ಎರರ್ ಮೆಸೇಜ್ ಕೂಡ ಬರಲಿಲ್ಲ.

ಈಗ ನಮ್ಮದೊಂದು ಅಭ್ಯಾಸ: ಸಿಂಪ್ಲಿಫೈ ಆದ ಉತ್ತರಕ್ಕೆ −1, ಐ ಎರಡನ್ನೂ ಹಾಕಿ ಮೊದಲಿನದರ ಜೊತೆ ತಾಳೆ ನೋಡುವುದು. ತಾಳೆಯಾದರೆ ಉತ್ತರ ಸರಿ ಅಂತ ಗ್ಯಾರಂಟಿ ಇಲ್ಲ. ಆಗದಿದ್ದರೆ ತಪ್ಪು ಅನ್ನೋದಂತೂ ಖಚಿತ. ಸಬ್ಮಿಟ್ ಮಾಡುವ ಮೊದಲು ನೀವೂ ಒಮ್ಮೆ ಹಾಕಿ ನೋಡಿ.