ಸಂದರ್ಶನಕ್ಕೆ ಹೊರಡುವ ಮುನ್ನ: ಏಳು ಸೂತ್ರಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳು ಡಿಗ್ರಿ, ಡಿಪ್ಲೊಮಾ, ಐಟಿಐ ಮುಗಿಸಿ ಕೆಲಸಕ್ಕೆಂದು ಮೈಸೂರು, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಓದಿನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಮೇಜಿನಾಚೆ ಮೂವರು ಕೂತರೆ ಸಾಕು, ನಾಲಿಗೆ ಕಟ್ಟಿಹೋಗುತ್ತದೆ. ಬಲ್ಲದ್ದನ್ನು ಬಾಯಿಬಿಟ್ಟು ಹೇಳುವುದೂ ಒಂದು ವಿದ್ಯೆ. ಅಭ್ಯಾಸ ಮಾಡಿದರೆ ಬಂದೇ ಬರುತ್ತದೆ.

1. ಕಂಪನಿಯ ಬಗ್ಗೆ ತಿಳಿದುಕೊಳ್ಳಿ. ಅದು ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ, ನಿಮ್ಮ ಹುದ್ದೆಯಲ್ಲಿ ದಿನವಿಡೀ ಮಾಡಬೇಕಾದ ಕೆಲಸವೇನು? ಮೂರಕ್ಕೂ ಎರಡೆರಡು ಸಾಲು ಬರೆದಿಟ್ಟುಕೊಳ್ಳಿ.

2. ಸ್ವಪರಿಚಯ ಒಂದೂವರೆ ನಿಮಿಷ ಮೀರದಿರಲಿ. ಊರು, ಓದು, ಮಾಡಿದ ಒಂದು ಕೆಲಸ, ಈ ಹುದ್ದೆ ಏಕೆ ಬೇಕು ಎಂಬುದು ಬಂದರೆ ಸಾಕು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ತಡವರಿಸುವ ಜಾಗವನ್ನು ನಿಮ್ಮ ಕಿವಿಯೇ ತೋರಿಸುತ್ತದೆ.

3. ನಿಮ್ಮೂರು ನಿಮಗೆ ಗೊತ್ತಿರಲಿ. “ನಿಮ್ಮೂರಿನ ವಿಶೇಷವೇನು?” ಎಂಬ ಸಲೀಸು ಪ್ರಶ್ನೆಗೇ ಎಡವುವವರಿದ್ದಾರೆ. ಪಾಂಡವಪುರದವರಿಗೆ ಮೇಲುಕೋಟೆಯಿದೆ. ಕೆ.ಆರ್. ಪೇಟೆಯವರಿಗೆ ಹೊಸಹೊಳಲಿನ ಹೊಯ್ಸಳ ದೇಗುಲ, ಕವಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿ ಇವೆ. ನಾಗಮಂಗಲಕ್ಕೆ ಸೌಮ್ಯಕೇಶವ ದೇಗುಲ, ಶ್ರೀರಂಗಪಟ್ಟಣಕ್ಕೆ ರಂಗನತಿಟ್ಟು ಪಕ್ಷಿಧಾಮ. ಸಿವಿಲ್ ಓದಿದವರಂತೂ ಕನ್ನಂಬಾಡಿ ಅಣೆಕಟ್ಟೆಯನ್ನು ಮರೆಯಬಾರದು. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ನೀರಿನ ಗರಿಷ್ಠ ಮಟ್ಟ 124.80 ಅಡಿ.

4. ಮನೆಯ ದುಡಿಮೆಯನ್ನು ಮುಚ್ಚಿಡಬೇಡಿ. “ಅನುಭವ ಇಲ್ಲ ಸಾರ್” ಎಂದು ತಲೆ ತಗ್ಗಿಸುವ ಬದಲು, “ಮೂರು ವರ್ಷದಿಂದ ದಿನಾ ಬೆಳಗ್ಗೆ ಆರೂವರೆಗೆ ಡೇರಿಗೆ ಹಾಲು ಹಾಕುತ್ತಿದ್ದೇನೆ. ಫ್ಯಾಟು, ಡಿಗ್ರಿ ನೋಡಿ ಬಿಲ್ಲಿನ ಲೆಕ್ಕ ನಾನೇ ಇಡುತ್ತೇನೆ” ಎಂದು ನೇರವಾಗಿ ಹೇಳಿ. ಹೊತ್ತಿಗೆ ಸರಿಯಾಗಿ ಬರುವವನು, ಲೆಕ್ಕ ಬಲ್ಲವನು ಎಂದು ಎದುರಿಗಿದ್ದವರಿಗೆ ತಾನಾಗಿ ತಿಳಿಯುತ್ತದೆ. ಕಬ್ಬಿನ ಗದ್ದೆಗೆ ಆಳು ಹೊಂದಿಸಿದ್ದು, ಅಂಗಡಿಯಲ್ಲಿ ಗಲ್ಲಾ ನೋಡಿಕೊಂಡದ್ದು ಕೂಡ ಅನುಭವವೇ.

5. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಿ. “ಇದು ನನಗೆ ತಿಳಿಯದು, ಕಲಿಯುತ್ತೇನೆ” ಎಂದರೆ ಮರ್ಯಾದೆ ಹೋಗದು. ಸುಳ್ಳು ಹೇಳಿದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಇಂಗ್ಲಿಷ್ ತೊಡಕೆನಿಸಿದರೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಮಾತಾಡಿ.

6. ಫೈಲು ರಾತ್ರಿಯೇ ಸಿದ್ಧವಿರಲಿ. ರೆಸ್ಯೂಮ್ ಮೂರು ಪ್ರತಿ, ಅಂಕಪಟ್ಟಿಯ ಒರಿಜಿನಲ್ ಮತ್ತು ಜೆರಾಕ್ಸ್, ಆಧಾರ್, ಫೋಟೊ, ಪೆನ್ನು. ಒರಿಜಿನಲ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

7. ಒಂದು ಬಸ್ಸು ಮುಂಚೆ ಹೊರಡಿ. ಹಳ್ಳಿಯಿಂದ ತಾಲ್ಲೂಕಿಗೆ ಒಂದು, ಅಲ್ಲಿಂದ ಪಟ್ಟಣಕ್ಕೆ ಇನ್ನೊಂದು ಹಿಡಿಯುವವರಿಗೆ ಒಂದು ತಪ್ಪಿದರೆ ಎರಡೂ ತಪ್ಪುತ್ತವೆ. ಬೆವರೊರೆಸಿಕೊಂಡು ಎರಡು ಗುಟುಕು ನೀರು ಕುಡಿದು ಒಳಗೆ ಹೋಗುವಷ್ಟು ಬಿಡುವಿರಲಿ.

ಈ ಸಲ ಕೆಲಸ ಕೈತಪ್ಪಿದರೆ ಕೇಳಿದ ಪ್ರಶ್ನೆಗಳನ್ನೆಲ್ಲ ಅವತ್ತೇ ಬರೆದಿಡಿ, ಮುಂದಿನ ಸಂದರ್ಶನಕ್ಕೆ ಅದೇ ಪಾಠ. ಇವತ್ತು ಸಂಜೆ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ನಿಮ್ಮ ಸ್ವಪರಿಚಯವನ್ನು ಒಮ್ಮೆ ಗಟ್ಟಿಯಾಗಿ ಹೇಳಿ. ತಯಾರಿ ಅಲ್ಲಿಂದಲೇ ಶುರುವಾಗಲಿ.