ಯಾವ ಕೆಲಸ ಅಗತ್ಯ, ಯಾವುದು ಕಾಯಬಲ್ಲದು?



ಸಾಂಕ್ರಾಮಿಕ ರೋಗ ಹರಡಿದಾಗ ಯಾವ ಕೆಲಸ ನಡೆಸಬೇಕು, ಯಾವುದನ್ನು ನಿಲ್ಲಿಸಬೇಕು ಎಂಬ ಪ್ರಶ್ನೆ 2020ರಲ್ಲಿ ನಮ್ಮೆಲ್ಲರ ಮುಂದೆ ಬಂದಿತು. ಅಂಥ ಕಾಲ ಮತ್ತೆ ಬರಲಾರದೆಂದು ಹೇಳುವಂತಿಲ್ಲ. ಆದಕಾರಣ ಅದರ ಪಾಠವನ್ನು ಈಗಲೇ ತಿಳಿದಿರುವುದು ಲೇಸು.

ಆ ವರ್ಷ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಲಾಕ್‌ಡೌನ್ ಆಜ್ಞೆಯಲ್ಲಿ ಆಸ್ಪತ್ರೆ, ಪಡಿತರ, ಹಾಲು, ವಿದ್ಯುತ್ತಿಗೆ ವಿನಾಯಿತಿ ಇತ್ತು. ಹೊಲದ ಕೆಲಸದ ಮಾತಿರಲಿಲ್ಲ. ಅದು ಸೇರಿದ್ದು ಮಾರ್ಚ್ 27ರ ತಿದ್ದುಪಡಿಯಲ್ಲಿ. ಏಪ್ರಿಲ್ 15ರ ಮಾರ್ಗಸೂಚಿ ಕಾಫಿ ತೋಟಗಳಿಗೆ ಅರ್ಧದಷ್ಟು ಆಳುಗಳ ಮಿತಿಯೊಡನೆ ಅನುಮತಿ ಕೊಟ್ಟಿತು. ಅಡಿಕೆಯ ಹೆಸರು ಬಂದದ್ದು ಆಮೇಲಿನ ತಿದ್ದುಪಡಿಯಲ್ಲಿ.

ಅಡಿಕೆ ಅನ್ನವಲ್ಲ, ಕಾಫಿ ಔಷಧವಲ್ಲ; ಇವೇಕೆ ಅಗತ್ಯ ಎಂದು ಕೇಳುವವರುಂಟು. ಉತ್ತರ ಇಷ್ಟೆ: ಸತ್ತ ಅಡಿಕೆ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಆದರೆ ತೋಟದ ಎಲ್ಲ ಕೆಲಸವೂ ಅಗತ್ಯವಲ್ಲ. ಸರಕಾರದ ಪಟ್ಟಿ ಬೆಳೆಯ ಹೆಸರು ಹೇಳೀತು. ಕೆಲಸದ ತುರ್ತನ್ನು ಬೆಳೆಗಾರನೇ ಅರಿಯತಕ್ಕದ್ದು.

ಇದಕ್ಕೆ ಒರೆಗಲ್ಲು ಒಂದೇ. ಹದಿನೈದು ದಿನ ತಡವಾದರೆ ಆದ ಹಾನಿಯನ್ನು ತುಂಬಿಕೊಳ್ಳಬಹುದೇ? ನಮ್ಮ ಬೇಡಕಿಹಾಳ ಸೀಮೆಯಲ್ಲಿ ಕಡಿದ ಕಬ್ಬು, ಕರೆದ ಹಾಲು ಕಾಯುವುದಿಲ್ಲ. ಹಾಗೆಯೇ ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು, ದುಂಬಿ ಹೊರಬೀಳುವ ಏಪ್ರಿಲ್‌ಗೆ ಮುನ್ನ ಕಿತ್ತು ಸುಡದಿದ್ದರೆ ನೆರೆಯವನ ತೋಟವೂ ಕೆಡುತ್ತದೆ. ಅಡಿಕೆಗೆ ಬೇಸಿಗೆಯ ನೀರು, ಕೊಳೆರೋಗ ತಡೆಯಲು ಮಳೆಗೆ ಮುನ್ನ ಶೇಕಡಾ 1ರ ಬೋರ್ಡೋ ದ್ರಾವಣ ತಪ್ಪಿಸುವಂತಿಲ್ಲ. ಬೇಲಿ, ತೋಟದ ದಾರಿಯ ರಿಪೇರಿ, ಒಣಗಿಸಿಟ್ಟ ಅಡಿಕೆಯ ಸುಲಿತ ಕಾಯಬಲ್ಲವು.

ಅಗತ್ಯ ಕೆಲಸದ ಬೆನ್ನಿಗೆ ಬೇರೆಯವರ ಕೆಲಸವೂ ಇದೆ. ಮೋಟಾರು ರಿಪೇರಿಯವನು, ಲೈನ್‌ಮನ್, ಮೈಲುತುತ್ತ ಮಾರುವ ಅಂಗಡಿಯವನು ಇಲ್ಲದಿದ್ದರೆ ನಮ್ಮ ಅನುಮತಿ ಪತ್ರ ಬರಿಯ ಕಾಗದ. ಕೊಗನೊಳ್ಳಿಯ ಗಡಿಯಲ್ಲಿ ತಪಾಸಣೆ ನಡೆದ ದಿನಗಳನ್ನು ಕಂಡವರು, ಗಡಿಯಾಚೆಯಿಂದ ತರುವ ಬಿಡಿಭಾಗಗಳನ್ನು ಮೊದಲೇ ಇಟ್ಟುಕೊಳ್ಳುವುದು ಜಾಣತನ.

ಕಡೆಯದಾಗಿ, ಮುಖ್ಯವಾದ ಮಾತು. ಕೆಲಸ ಅಗತ್ಯವೆಂದ ಮಾತ್ರಕ್ಕೆ ಆಳಿನ ಜೀವ ಅಗ್ಗವಲ್ಲ. ಅಂತರ, ಸಾಬೂನು, ಮುಖಗವಸು ನಮ್ಮ ಖರ್ಚಿನಲ್ಲೇ ಒದಗಬೇಕು. ಜ್ವರ ಬಂದವನಿಗೆ ಕೂಲಿ ಮುರಿಯಬಾರದು. ಕೆಲಸ ಕಾಯಬಹುದು, ಕೂಲಿಯವರ ಹೊಟ್ಟೆ ಕಾಯದು. ನಿಲ್ಲಿಸಿದ ಕೆಲಸದವರಿಗೂ ಮುಂಗಡ ಕೊಟ್ಟು ಉಳಿಸಿಕೊಳ್ಳಬೇಕು.

ಪ್ರತಿಯೊಬ್ಬರೂ ತಮ್ಮ ತೋಟದ ಕೆಲಸಗಳನ್ನು ಎರಡು ಪಟ್ಟಿ ಮಾಡಿ ಮುಂದಿನ ಸಭೆಗೆ ತರಬೇಕಾಗಿ ವಿನಂತಿ.

— ಕಾರ್ಯದರ್ಶಿ